ಒದೆಯಬೇಕಾದ ಪಟ್ಟಿ

ಹೊಸದುರ್ಗದ ಹೊರಗೆ ತೆಂಗಿನ ನಾರು ತೆಗೆಯುವ ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್. ಹೆಸರೇನೋ ದೊಡ್ಡದು. ದಿನಾ ಹೊಳಲ್ಕೆರೆಯಿಂದ ಬೈಕಿನಲ್ಲಿ ಬಂದು, ಕೆಲಸಗಾರರ ಕೈಕಾಲು ನೆಟ್ಟಗಿರುವಂತೆ ನೋಡಿಕೊಳ್ಳುವುದು ನನ್ನ ಕೆಲಸ ಎಂದುಕೊಂಡಿದ್ದೆ. ಮ್ಯಾನೇಜರ್ ಪ್ರಕಾರ ನನ್ನ ಕೆಲಸ ತರಬೇತಿ ರಿಜಿಸ್ಟರಿಗೆ ಸಹಿ ಹಾಕಿಸುವುದು, ಅಷ್ಟೇ. ಮಿಷನ್ ನಿಲ್ಲಿಸಿ ಅರ್ಧ ಗಂಟೆ ಜನರನ್ನು ಬಿಡಿ ಎಂದರೆ, ಊಟದ ಹೊತ್ತಿನಲ್ಲೇ ಮುಗಿಸಿಕೊಳ್ಳಿ ಎನ್ನುತ್ತಿದ್ದರು. ಮುದ್ದೆ ಮುರಿಯುತ್ತಾ ಕುಂತವರ ಮುಂದೆ ಅಪಘಾತದ ಚಿತ್ರ ಹಿಡಿದು ನಿಂತ ಪಾಪಿ ನಾನು.

ನಮ್ಮ ಹಳೇ ಮಿಷನ್ನಿನಲ್ಲಿ ಎರಡು ಉಕ್ಕಿನ ರೋಲರುಗಳ ನಡುವೆ ತೆಂಗಿನ ಸಿಪ್ಪೆ ಕೊಡಬೇಕು. ಅಕಸ್ಮಾತ್ ಕೈ ಸಿಕ್ಕಿದರೆ ಗೋಡೆಯ ಸ್ವಿಚ್ಚು ಎಟುಕುವುದಿಲ್ಲ. ಅದಕ್ಕೇ ಎಷ್ಟೋ ಸಲ ಕೇಳಿ, ಕಾಡಿ, ಕೊನೆಗೆ ಜಗಳವನ್ನೂ ಆಡಿ, ಮೊಣಕಾಲಿನ ಮಟ್ಟಕ್ಕೆ ಒಂದು ಕೆಂಪು ಕಬ್ಬಿಣದ ಪಟ್ಟಿ ಕೂರಿಸಿದ್ದೆ. ಕಾಲಲ್ಲಿ ಒಂದು ಒದೆ ಕೊಟ್ಟರೆ ಸಾಕು, ಮಿಷನ್ ಅಲ್ಲೇ ನಿಲ್ಲುತ್ತದೆ. ಎಲ್ಲರನ್ನೂ ಕರೆದು ಹೇಳಿದೆ, ನಿಲ್ಲಿಸಿಯೂ ತೋರಿಸಿದೆ. ಆ ದಿನ ಮನೆಗೆ ಹೋಗುವಾಗ ಬಹಳ ಖುಷಿಯಲ್ಲಿದ್ದೆ.

ಮುಂದಿನ ಶುಕ್ರವಾರ ಹೋಗಿ ನೋಡುತ್ತೇನೆ, ಪಟ್ಟಿಯ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ, ತುದಿಗೆ ಒಂದು ಮೊಳ ಕನಕಾಂಬರ! ಮಿಷನ್ನಿಗೆ ವಾರವಾರ ಪೂಜೆ ಮಾಡುವುದು ಅಲ್ಲಿ ಮೊದಲಿಂದಲೂ ಇತ್ತು, ಈಗ ಪಟ್ಟಿಯೂ ದೇವರಾಗಿತ್ತು. ಆ ಮಿಷನ್ ನಡೆಸುತ್ತಿದ್ದವರು ಮತ್ತೋಡಿನ ಕಡೆಯ ಒಬ್ಬ ಹೆಂಗಸು, ನನಗಿಂತ ಹಿರಿಯರು, ಕೆಲಸದಲ್ಲಿ ಪಳಗಿದ ಕೈ. ಒದೆಯುವ ಪಟ್ಟಿಗೆ ಯಾಕಮ್ಮ ಪೂಜೆ ಎಂದು ಕೇಳಿದೆ.

"ಅನ್ನ ಕೊಡೋ ಮಿಷನ್ನು ಸಾರ್. ಅದನ್ನ ಕಾಲಾಗೆ ಒದೀತಾರೇನ್ರಿ?" ಎಂದರು, ಸಮಾಧಾನವಾಗಿ.

ನನಗೆ ಮೈಯೆಲ್ಲ ಉರಿಯಿತು. ಪೊರಕೆಗೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು, ಗೊತ್ತಿಲ್ಲದ್ದೇನಲ್ಲ. ಆದರೆ ರೋಲರಿಗೆ ಗೊತ್ತಾಗಬೇಕಲ್ಲ! ಒಂದು ಚಿಂದಿ ಬಟ್ಟೆ ತಗೊಂಡು ವಿಭೂತಿ ಒರೆಸಿಯೇ ಬಿಟ್ಟೆ. ಎರಡು ದಿನ ಹೆಂಗಸರು ಯಾರೂ ನನ್ನ ಮುಖ ನೋಡಲಿಲ್ಲ. ಪೂಜೆಯಿಂದ ಪ್ರೊಡಕ್ಷನ್ ಏನೂ ಕಮ್ಮಿ ಆಗಲ್ಲ ಬಿಡಿ ಎಂದು ಮ್ಯಾನೇಜರ್ ನಕ್ಕರು. ಹಟ ಬಿಡದೆ ಮತ್ತೊಮ್ಮೆ ತರಬೇತಿ ಇಟ್ಟು, ಒದೆಯಿರಿ, ಒದೆಯಿರಿ ಎಂದು ಗಂಟಲು ಹರಿದುಕೊಂಡೆ, ಮತ್ತೆ ತೋರಿಸಿಕೊಟ್ಟೆ. ಎಲ್ಲರೂ ಆತು ಸಾರ್ ಎಂದು ಸಹಿ ಹಾಕಿ ಹೋದರು.

ಆಮೇಲೆ ತಿಂಗಳೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಒದ್ದೆ ಸಿಪ್ಪೆ ರೋಲರಿಗೆ ಅಂಟಿಕೊಂಡಿತ್ತು. ಅದನ್ನು ನೂಕಲು ಹೋದ ಆ ಹೆಂಗಸಿನ ಬಲಗೈ ಒಳಗೆ ಸಿಕ್ಕಿತು. ಪಕ್ಕದ ಮಿಷನ್ನಿನವಳು ಕಿರುಚಿಕೊಂಡು ಓಡಿಹೋಗಿ ಗೋಡೆಯ ಸ್ವಿಚ್ಚು ಆರಿಸುವಷ್ಟರಲ್ಲಿ ಮೂರು ಬೆರಳು ಹೋಗಿದ್ದವು. ಪಟ್ಟಿ ಅವರ ಮೊಣಕಾಲಿನ ಹತ್ತಿರವೇ ಇತ್ತು. ಚಿತ್ರದುರ್ಗದ ಆಸ್ಪತ್ರೆ ಮುಟ್ಟುವವರೆಗೂ ನಾನು ಮನಸ್ಸಿನಲ್ಲೇ ಅವರನ್ನು ಬೈಯುತ್ತಿದ್ದೆ. ಒಂದು ಒದೆ, ಒಂದೇ ಒಂದು ಒದೆ ಕೊಡಬಾರದಿತ್ತೇ? ಅಯ್ಯೋ ಎನಿಸುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ನಾಲ್ಕು ದಿನ ಬಿಟ್ಟು ಮ್ಯಾನೇಜರ್ ಒಂದು ಕಾಗದ ಟೈಪ್ ಮಾಡಿಸಿ ಕೊಟ್ಟರು. "ಎರಡು ಸಲ ತರಬೇತಿ ಪಡೆದಿದ್ದರೂ ನಾನು ಪಟ್ಟಿಯನ್ನು ಬಳಸಲಿಲ್ಲ, ತಪ್ಪು ನನ್ನದೇ" ಎಂದು ಆಕೆ ಒಪ್ಪಿಕೊಂಡಂತೆ ಇತ್ತು. ಅದಕ್ಕೆ ಹೆಬ್ಬೆಟ್ಟು ಬಿದ್ದರೆ ಆಕೆಗೆ ಪರಿಹಾರವೂ ಇಲ್ಲ, ಮತ್ತೆ ಕೆಲಸವೂ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಗದ ಹಿಡಿದು ಆಸ್ಪತ್ರೆಗೆ ಹೋದೆ. ಅದರಲ್ಲಿ ಸುಳ್ಳೇನಿದೆ ಎಂಬ ಧೈರ್ಯ.

ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು ಅವರು ಮಂಚದ ಮೇಲೆ ಕುಳಿತಿದ್ದರು. ಬರ್ರಿ ಸಾರ್, ಕುಂತ್ಕಳ್ರಿ ಎಂದರು. ನನಗೆ ತಡೆಯಲಾಗಲಿಲ್ಲ. ಅಷ್ಟು ಬಡಕೊಂಡಿದ್ದೆನಲ್ಲ, ಯಾಕಮ್ಮ ನಿಲ್ಲಿಸಲಿಲ್ಲ ಎಂದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನೀವು ಎಲ್ಡು ಸಲಾನೂ ಬಗ್ಗಿ ಕೈಯಾಗೆ ಒತ್ತಿ ತೋರ್ಸಿದ್ರಿ ಸಾರ್. ನನ್ನದು ಒಂದು ಕೈ ಒಳಗಿತ್ತು, ಇನ್ನೊಂದು ಅದನ್ನ ಎಳೀತಿತ್ತು. ಒತ್ತಾಕೆ ಕೈ ಎಲ್ಲಿತ್ತು ಹೇಳ್ರಿ?"

ನಿಜ. ಬಾಯಲ್ಲಿ ಒದೆಯಿರಿ ಎನ್ನುತ್ತಾ, ಎರಡು ಸಲವೂ ನಾನು ಬಗ್ಗಿ ಅಂಗೈಯಲ್ಲಿ ಒತ್ತಿದ್ದೆ. ಅಷ್ಟು ಜನರೆದುರು ಮಿಷನ್ನಿಗೆ ಕಾಲೆತ್ತಲು ನನಗೂ ಆಗಿರಲಿಲ್ಲ. ಹಾಗೆ ಮಾಡಿದ್ದು ನನಗೇ ಗೊತ್ತಾಗಿರಲಿಲ್ಲ.

ನನ್ನ ಕೈಯಲ್ಲಿದ್ದ ಕಾಗದವನ್ನು ಅವರು ನೋಡಿದರು. ಏನು ಬರೆದಿದೆ ಎಂದೂ ಕೇಳದೆ, ಎಡಗೈ ಹೆಬ್ಬೆರಳನ್ನು ನನ್ನ ಮುಂದೆ ಚಾಚಿದರು.

ಶಾಯಿಯ ಡಬ್ಬಿಯನ್ನು ನಾನು ಜೇಬಿನಿಂದ ತೆಗೆಯಲಿಲ್ಲ.