ಚುಕ್ಕಿಗೊಂದು ಚೂರು ಬೆಲ್ಲ

ಮಗಳು ಕಂಪಾಸ್ ಪೆಟ್ಟಿಗೆ ತೆರೆದಾಗಲೆಲ್ಲ ರಬ್ಬರಿನ ಒಂದು ವಾಸನೆ ಬರುತ್ತದಲ್ಲ, ಬಾಳೆಹಣ್ಣಿನಂತೆ ಸುಳ್ಳುಸುಳ್ಳೇ ಸಿಹಿಯಾದದ್ದು, ನಿಮಗೂ ಗೊತ್ತಿರಬೇಕು. ಅದು ಮೂಗಿಗೆ ಬಡಿದರೆ ಸಾಕು, ನಾನು ವಾಕಡ ಬಡಾವಣೆಯ ಈ ಮನೆಯಲ್ಲಿರುವುದಿಲ್ಲ. ಮಾರ್ಕೆಟ್ ಯಾರ್ಡಿನ ಹಿಂದಿದ್ದ ನಮ್ಮ ಒಂದೇ ಕೋಣೆಯ ತಗಡಿನ ಮನೆಯಲ್ಲಿರುತ್ತೇನೆ. ಗೋಣಿಚೀಲದ ಪರದೆ, ಮೂಲೆಯಲ್ಲಿ ಒಣಮೆಣಸಿನಕಾಯಿಯ ಘಾಟು, ಒಲೆಯ ಮುಂದೆ ಗಂಗವ್ವಜ್ಜಿ. ಅಪ್ಪ ಅವ್ವ ಇಬ್ಬರೂ ಯಾರ್ಡಿನ ಈರುಳ್ಳಿ ಚೀಲಗಳ ನಡುವೆ ದಿನ ಕಳೆಯುತ್ತಿದ್ದರು. ನನ್ನನ್ನು ಸಾಕಿದವಳು ಅಪ್ಪನ ತಾಯಿಯಾದ ಈ ಅಜ್ಜಿಯೇ. ಅವಳಿಗೆ ಅಕ್ಷರ ಗೊತ್ತಿರಲಿಲ್ಲ. ಆದರೆ ದಿನಾ ಸಂಜೆ ನನ್ನ ನೋಟ್‌ಬುಕ್ ತೆರೆಸಿ ನೋಡದೆ ಊಟಕ್ಕೆ ಬಡಿಸುತ್ತಿರಲಿಲ್ಲ.

ಬೇರೆ ಭಾಷೆಯ ಆ ಊರಿನಲ್ಲೂ ನಾನು ಹೋಗುತ್ತಿದ್ದುದು ಕನ್ನಡ ಶಾಲೆಗೆ. ಒಂದನೆಯ ತರಗತಿಯ ಶಿಕ್ಷಕಿಯನ್ನು ನಾವೆಲ್ಲ ಅಕ್ಕೋರು ಅನ್ನುತ್ತಿದ್ದೆವು. ಅವರು ಕೆಂಪು ಶಾಯಿ ಮುಟ್ಟಿದವರಲ್ಲ, ಅಂಕ ಹಾಕಿದವರಲ್ಲ. ತಪ್ಪಿದ್ದ ಅಕ್ಷರದ ಕೆಳಗೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಡುತ್ತಿದ್ದರು, ಅಷ್ಟೇ. ಮರುದಿನ ತಪ್ಪೇನೆಂದು ನಾವೇ ಹುಡುಕಿ ತಿದ್ದಬೇಕು, ಆಮೇಲೆ ಅವರ ಮೇಜಿನ ಮೇಲಿನ ಸಿಹಿವಾಸನೆಯ ರಬ್ಬರಿನಿಂದ ಚುಕ್ಕಿಯನ್ನು ಅಳಿಸಬೇಕು. ಮೊದಲ ಸಲ ನನ್ನ ಹಾಳೆಯ ತುಂಬ ಚುಕ್ಕಿ ಕಂಡ ಅಜ್ಜಿ ಹಿಗ್ಗಿ ಹೀರೇಕಾಯಿಯಾದಳು. "ಎಷ್ಟು ಚುಕ್ಕಿ ಕೊಟ್ಟಾರಲ್ಲವ್ವಾ ನನ್ನ ಬಂಗಾರಕ್ಕ!" ಎಂದು ಬಾಯಿಗೊಂದು ಚೂರು ಬೆಲ್ಲ ಇಟ್ಟಳು. ಅವು ತಪ್ಪಿನ ಗುರುತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬಾಯಲ್ಲಿ ಬೆಲ್ಲ ಇತ್ತಲ್ಲ! ಆಮೇಲೆ ಬೆಲ್ಲಕ್ಕಿಂತ ಅವಳ ಆ ಮುಖ ಬೇಕಾಯಿತು. ಬರುತ್ತಿದ್ದ ಅಕ್ಷರಗಳನ್ನೂ ಬೇಕೆಂದೇ ತಪ್ಪಾಗಿ ಬರೆಯತೊಡಗಿದೆ.

ಅಕ್ಕೋರ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ಹಲಗೆಯ ಮೇಲಿನದನ್ನು ತಡವರಿಸದೆ ಓದುವ ಹುಡುಗಿ ಅದನ್ನೇ ತಪ್ಪು ಬರೆಯುತ್ತಾಳೆಂದರೆ ಏನೋ ಇದೆ ಎಂದು ಪಕ್ಕದಲ್ಲಿ ಕೂರಿಸಿಕೊಂಡರು. "ನಿನಗ ಎಲ್ಲಾ ಬರ್ತದ. ಮತ್ತ ಯಾಕ ಹಿಂಗ ಬರೀತಿ?" ಎಂದರು. ನಾನು ಅಳುತ್ತ ಎಲ್ಲ ಹೇಳಿಬಿಟ್ಟೆ. ಅಂದು ಸಂಜೆಯೇ ಅವರು ನಮ್ಮ ಮನೆಗೆ ಬಂದರು. ಅಜ್ಜಿಯ ಮುಖದ ಹಿಗ್ಗು ಇವತ್ತಿಗೆ ಮುಗಿಯಿತು ಎಂದು ನಾನು ಪರದೆಯ ಹಿಂದೆ ಸೇರಿಕೊಂಡೆ. ಅಜ್ಜಿಯೋ, ಚಹಾ ಇಡುವ ಮೊದಲೇ ನೋಟ್‌ಬುಕ್ ಬಿಚ್ಚಿ ತೋರಿಸಿದಳು. ಅಕ್ಕೋರು ಮೆತ್ತಗೆ ಹೇಳಿದರು: "ಅಜ್ಜೀ, ಈಕಿಗೆ ಭಾಳ ಬರ್ತದ್ರಿ. ಈ ಚುಕ್ಕಿ, ಇಲ್ಲಿ ಇನ್ನೊಮ್ಮೆ ನೋಡು ಅಂತ ನಾ ಇಟ್ಟ ಗುರುತು. ತಾನಽ ತಿದ್ದಿ ಅಳಿಸಿದ ದಿನ ಬೆಲ್ಲ ಕೊಡ್ರಿ."

ಅಜ್ಜಿ ನೋಟ್‌ಬುಕ್ ಮುಚ್ಚಿ ಎದ್ದಳು. ಆಮೇಲೆ ಪರದೆ ಸರಿಸಿ, "ಹಂಗಾರ ಇಷ್ಟು ದಿನ ತಪ್ಪಿಗೇ ಬೆಲ್ಲ ತಿಂದೀಯಲ್ಲೇ ಕಳ್ಳೀ!" ಎಂದು ನಗುತ್ತ ನನ್ನನ್ನು ಸೆರಗಿಗೆ ಎಳೆದುಕೊಂಡಳು. ಮರುದಿನದಿಂದ ಒಂದೊಂದು ಚುಕ್ಕಿಯ ಮೇಲೂ ಬೆರಳಿಟ್ಟು, "ಇಲ್ಲೇನಾಗೇದ ಹೇಳು" ಎಂದು ಕೇಳುತ್ತಿದ್ದಳು. ನಾನು ವಿವರಿಸಬೇಕಿತ್ತು, ಅವಳಿಗೆ ತಿಳಿಯುವ ತನಕ. ನಾನು ಕಲಿತದ್ದೆಲ್ಲ ಹಾಗೆ ಹೇಳಿ ಹೇಳಿಯೇ.

ನಾನು ನಾಲ್ಕನೆಯದರಲ್ಲಿದ್ದಾಗ ಅವಳೇ ಒಂದು ದಿನ ತನ್ನ ಹೆಸರು ಬರೆಯಲು ಕಲಿಸು ಎಂದಳು. ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒತ್ತಿ ಒತ್ತಿ ಬರೆದಳು. ಗಂಗವ್ವದಲ್ಲಿ ಸೊನ್ನೆ ಬಿಟ್ಟಿದ್ದಳು. ನಾನು ಗತ್ತಿನಿಂದ ಕೆಳಗೊಂದು ಚುಕ್ಕಿ ಇಟ್ಟೆ. "ಹೇಳಬ್ಯಾಡ, ನಾಳೆ ನಾನಽ ಹುಡುಕ್ತೀನಿ" ಎಂದಳು. ಮರುದಿನ ಬೆಳಿಗ್ಗೆ ಅವಳನ್ನು ಆಸ್ಪತ್ರೆಗೆ ಒಯ್ದರು. ತಿರುಗಿ ಬರಲಿಲ್ಲ. ಆ ಕೋಣೆಯೂ ಈಗ ಇಲ್ಲ, ಅಲ್ಲಿ ಲಾರಿಗಳು ನಿಲ್ಲುತ್ತವೆ.

ಮೊನ್ನೆ ಮಗಳು ಆ ಹಳೆಯ ನೋಟ್‌ಬುಕ್ ತಿರುವಿ ಹಾಕುತ್ತ, ಕೊನೆಯ ಪುಟಕ್ಕೆ ಬಂದು ರಬ್ಬರ್ ಎತ್ತಿಕೊಂಡಳು. "ಮಮ್ಮೀ, ಇಲ್ಲೊಂದು ಚುಕ್ಕಿ ಉಳದದ. ಅಳಸ್ಲಾ?"

"ಬ್ಯಾಡ ಕೂಸ," ಎಂದೆ. "ಅಜ್ಜಿ ತಾನಽ ಹುಡುಕ್ತೀನಿ ಅಂದಾಳ."