ವೀಳ್ಯ ಮುಟ್ಟದ ವಕೀಲರು

ಗೌರಮ್ಮ ವಕೀಲರು ಯಾರ ಮನೆಗೆ ಹೋದರೂ ಎಲೆಯಡಿಕೆ ಮುಟ್ಟುತ್ತಿರಲಿಲ್ಲ. ತಟ್ಟೆ ಎದುರಿಗೆ ಬಂತೆಂದರೆ ಸಾಕು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಡುವರು. ಮದುವೆ ಮನೆಯಲ್ಲೂ ಅಷ್ಟೆ, ತೊಟ್ಟಿಲ ಮನೆಯಲ್ಲೂ ಅಷ್ಟೆ. ಶಿಕಾರಿಪುರದಲ್ಲಿ ಊಟ ಬಿಟ್ಟು ಎದ್ದರೂ ಜನ ಕ್ಷಮಿಸಿಯಾರು, ಎಲೆಯಡಿಕೆ ಬಿಟ್ಟು ಎದ್ದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಅವರ ವಿಷಯದಲ್ಲಿ 'ಓದಿದ ಸೊಕ್ಕು' ಎಂದು ತೀರ್ಮಾನವಾಗಿತ್ತು.

ಅವರ ಕಚೇರಿ ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ. ಕೆಳಗಿನ ಗೊಬ್ಬರದ ಘಾಟು ಮೆಟ್ಟಿಲು ಹತ್ತಿ ಬಂದು, ಒಳಗೆ ಬಂದವರಿಗೆಲ್ಲ ಅಳುವ ಮೊದಲೇ ಕಣ್ಣಲ್ಲಿ ನೀರು ತರಿಸುತ್ತಿತ್ತು. ಎತ್ತರದ ಒಣಕಲು ಮೈ, ಕಾಲರು ಮಾಸಿದ ಕರಿ ಕೋಟು, ತುರುಬಿಗೆ ಸಿಕ್ಕಿಸಿದ ಪೆನ್ನು. ಬೇಕಾದಾಗ ಆ ಪೆನ್ನನ್ನು ಮೇಜಿನ ಮೇಲೆಲ್ಲ ಹುಡುಕುವರು. ಎದುರಿಗೆ ಕೂತವರು ಕೈ ತೋರಿಸಿ ಹೇಳಬೇಕು.

ನಾನು ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋದಾಗ ಮೂರು ರಾತ್ರಿ ನಿದ್ದೆಗೆಟ್ಟಿದ್ದೆ. ನನ್ನನ್ನು ಕೊಟ್ಟದ್ದು ಸೊರಬಕ್ಕೆ. ಗಂಡ ಮಹೇಶ ಸಾಗರದಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿ ಅಲ್ಲೇ ಉಳಿದುಬಿಟ್ಟಿದ್ದ. ಈಗ ಅವನಿಗೆ ವಿಚ್ಛೇದನ ಬೇಕಿತ್ತು, ಅದೂ ಬೇಗ. ಇಷ್ಟನ್ನು ಹೇಳುವಷ್ಟರಲ್ಲಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡೆ.

"ಅಳೋದು ಆಮೇಲೆ ತಂಗಿ" ಎಂದರು ಗೌರಮ್ಮ. "ಮೊದಲು ಹೇಳು, ಆ ಮನೆಯಾಗೆ ಯಾವುದು ನಿಂದು?"

ನನಗೆ ಮೈಯೆಲ್ಲ ಉರಿಯಿತು. ಸಂಸಾರವೇ ಮುರಿದುಬಿದ್ದಿರುವಾಗ ಈ ಹೆಂಗಸು ಸಾಮಾನು ಸರಂಜಾಮಿನ ವಿಚಾರ ಕೇಳುತ್ತಾಳಲ್ಲ ಎನ್ನಿಸಿತು.

ಅವ್ವ ನಡುವೆ ಬಾಯಿ ಹಾಕಿದಳು. "ಅರ್ಧ ಆಸ್ತಿ ಬರತೈತಲ್ರೀ?"

"ಯಾರು ಹೇಳಿದ್ರು?"

"ಟೀವಿಯಾಗೆ ತೋರಿಸ್ತಾರಲ್ರೀ."

"ಅದು ಬೇರೆ ದೇಶದ್ದಿರಬೇಕು ಕಣವ್ವಾ. ನಮ್ಮಲ್ಲಿ ಹಂಗಿಲ್ಲ. ಗಂಡನ ಹೊಲ ಗಂಡಂದು, ಮಾವನ ಮನೆ ಮಾವಂದು. ಬಿಟ್ಟು ಹೋಗೋ ಹೆಂಡತಿಗೆ ಅದರಾಗೆ ಪಾಲು ಅಂತ ಇಲ್ಲ. ಇವಳ ಹೊಟ್ಟೆಬಟ್ಟೆಗೆ ಜೀವನಾಂಶ ಕೇಳಬಹುದು. ಅವನ ದುಡಿಮೆ ಎಷ್ಟು, ಇವಳ ದುಡಿಮೆ ಎಷ್ಟು, ಎಲ್ಲಾ ನೋಡಿ ಕೋರ್ಟು ಕೊಡಿಸ್ತದೆ. ತಡ ಆಗ್ತದೆ, ನಾನು ಸುಳ್ಳು ಹೇಳಲ್ಲ. ಆದ್ರೆ ತವರಿನವರು ಮಗಳಿಗೆ ಅಂತ ಏನು ಕೊಟ್ಟಿದ್ರೋ ಅದು ಪೂರಾ ಇವಳದು. ಅದಕ್ಕೆ ಗಂಡನೂ ಪಾಲುದಾರ ಅಲ್ಲ. ಏನು ಕೊಟ್ಟಿದ್ರಿ?"

"ಗಿರಣಿ" ಎಂದೆ ನಾನು.

ಅವರ ಕೈ ಪೆನ್ನಿಗಾಗಿ ಮೇಜು ತಡಕತೊಡಗಿತು. ನಾನು ಅವರ ತುರುಬು ತೋರಿಸಿದೆ.

ಅಪ್ಪ ಶಿಕಾರಿಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಮದುವೆಯಲ್ಲಿ ಮಗಳಿಗೆ ಬಳುವಳಿಯಾಗಿ ಹಿಟ್ಟಿನ ಮಿಷನ್ನು, ಖಾರ ಕುಟ್ಟುವ ಮಿಷನ್ನು ಎರಡನ್ನೂ ಕೊಟ್ಟಿದ್ದರು. ಸೊರಬದಲ್ಲಿ ಮಾವನ ಮನೆಯ ಮುಂದಿನ ಕೋಣೆಯಲ್ಲಿ ಅವನ್ನು ಕೂರಿಸಿ ನಾನೇ ನಡೆಸುತ್ತಿದ್ದೆ. ಕಲ್ಲು ಸವೆದರೆ ಉಳಿ ಹಿಡಿದು ಗೀರು ಹಾಕುವುದೂ ನನಗೆ ಬರುತ್ತಿತ್ತು. ಬರುತ್ತಿದ್ದ ಕೆಲಸ ಅದೊಂದೇ. ಗಿರಣಿ ಕೈಗೆ ಬಂದರೆ ಯಾರ ಹಂಗೂ ಇಲ್ಲದೆ ಬದುಕಬಲ್ಲೆ, ಬಾರದಿದ್ದರೆ ತವರಿನಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಉಣ್ಣಬೇಕು.

"ಗೋಡೆ ಅವರದು, ಮಿಷನ್ನು ನಿಂದು" ಎಂದರು ಗೌರಮ್ಮ. "ಇದೊಂದು ನೆನಪಿಟ್ಕೋ. ಉಳಿದದ್ದು ನಂಗೆ ಬಿಡು."

ನಮ್ಮ ಕಡೆ ಕೋರ್ಟಿಗಿಂತ ಮೊದಲು ಹಿರಿಯರು ಕೂರುತ್ತಾರೆ. ಮಾತು ಮುಗಿದ ಮೇಲೆ ಎರಡೂ ಕಡೆಯ ಹಿರಿಯರು ಒಂದೇ ತಟ್ಟೆಯಿಂದ ವೀಳ್ಯ ಎತ್ತಿಕೊಂಡರೆ ಒಪ್ಪಿದ ಹಾಗೆ. ಆಮೇಲೆ ಮಾತು ತಿರುಗಿಸಿದವರು ನೆಂಟರಿಷ್ಟರ ನಡುವೆ ಮುಖ ಎತ್ತಿ ಓಡಾಡುವಂತಿಲ್ಲ. ಸೊರಬದಿಂದ ಹೇಳಿಕೆ ಬಂತು: ತೊಗರ್ಸಿಯ ಮಲ್ಲಿಕಾರ್ಜುನ ದೇವಸ್ಥಾನದ ಜಗಲಿಯಲ್ಲಿ ಸೋಮವಾರ ಕೂರೋಣ. ದೇವರ ಎದುರು ನಾವು ಇಲ್ಲ ಎನ್ನಲಾರೆವು ಎಂಬುದು ಅವರ ಲೆಕ್ಕಾಚಾರ.

ಗೌರಮ್ಮ ಅವತ್ತು ಕೋಟು ಹಾಕದೆ, ಸಾದಾ ನೂಲಿನ ಸೀರೆಯಲ್ಲಿ ನಮ್ಮ ಮನೆಯವರ ಹಾಗೆ ಬಂದರು. ದಾರಿಯಲ್ಲಿ ನನಗೆ ಒಂದೇ ಮಾತು ಹೇಳಿದರು. "ಜೀವನಾಂಶ ಬೇಡ ಅಂತ ನೀನು ಒಪ್ಪಿದ್ರೂ ಕೋರ್ಟು ಅದನ್ನ ಒಪ್ಪಬೇಕಂತಿಲ್ಲ. ಆದ್ರೆ ಗಿರಣಿ ಬಿಟ್ಟೆ ಅಂತ ಇಷ್ಟು ಜನರ ಎದುರು ಆಗಿಬಿಟ್ರೆ, ವಾಪಸ್ ಎಳೆಯೋಷ್ಟರಲ್ಲಿ ನಿಂಗೆ ಮುಪ್ಪಾಗಿರ್ತದೆ. ತಟ್ಟೆ ಕಡೆ ಕಣ್ಣಿರಲಿ."

ಜಗಲಿಯ ಮೇಲೆ ಮಹೇಶ ಕಂಬಕ್ಕೆ ಒರಗಿ ಮೊಬೈಲು ನೋಡುತ್ತಿದ್ದ. ಮಾತಾಡಿದ್ದೆಲ್ಲ ಅವನ ದೊಡ್ಡಪ್ಪ. "ಇಬ್ರಿಗೂ ಹೊಂದಲಿಲ್ಲ, ಬಿಡುಗಡೆ ಮಾಡ್ಕಳ್ಳಿ. ಗಿರಣಿ ಕೂತಲ್ಲೇ ಕೂತಿರ್ಲಿ, ಅದನ್ನ ಕಿತ್ತರೆ ಗೋಡೆ ಹಾಳಾಗ್ತದೆ. ಜೀವನಾಂಶ ಗೀವನಾಂಶ ಅಂತ ಮುಂದೆ ಯಾರೂ ಕೋರ್ಟಿಗೆ ಅಲೀಬಾರ್ದು. ಎಲ್ಲ ಮರ್ಯಾದಸ್ಥರು ಕೂತೀವಿ."

ಗೌರಮ್ಮ ಮಾತಾಡಲು ಎದ್ದರು. "ಹೆಂಗಸರು ಸ್ವಲ್ಪ ಸುಮ್ಕಿರ್ರಿ" ಎಂದಿತು ಹಿಂದಿನಿಂದ ಒಂದು ದನಿ. ದೊಡ್ಡಪ್ಪ ತನ್ನ ಪಾಲಿನ ವೀಳ್ಯ ಎತ್ತಿಕೊಂಡು ತಟ್ಟೆಯನ್ನು ಅಪ್ಪನ ಎದುರಿಗೆ ಸರಿಸಿದ.

ಅಪ್ಪ ಜಗಳವೆಂದರೆ ಹೆದರುವ ಮನುಷ್ಯ. ಬೆಳಿಗ್ಗೆಯಿಂದ ತಲೆ ತಗ್ಗಿಸಿ ಕೂತಿದ್ದ ಅವರಿಗೆ ಇದು ಮುಗಿದರೆ ಸಾಕಾಗಿತ್ತು. ಎದುರಿಗೆ ತಟ್ಟೆ ಬಂದರೆ ಕೈ ಚಾಚುವುದು ಅವರಿಗೆ ಹುಟ್ಟಿನಿಂದ ಬಂದ ಮರ್ಯಾದೆ. ಅವರ ಕೈ ಮೇಲೆದ್ದಿತು. ನಾನು ಗೌರಮ್ಮನ ಕಡೆ ನೋಡಿದೆ. ಅವರು ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ ಅಪ್ಪನ ಬೆರಳುಗಳನ್ನೇ ನೋಡುತ್ತ ನಿಂತಿದ್ದರು. ಅವರ ಮುಖ ಬಿಳುಚಿಕೊಂಡಿತ್ತು. ಕೋರ್ಟಿನಲ್ಲಿ ಯಾರಿಗೂ ಜಗ್ಗದ ಹೆಂಗಸು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆ ಹೆದರಿಕೆ ನೋಡಿಯೇ ನನ್ನ ನಾಲಿಗೆ ಸಡಿಲವಾಯಿತು.

"ಅಪ್ಪಾ, ಗಿರಣಿ ಬಳುವಳಿ ಕೊಟ್ಟದ್ದು ಯಾರಿಗೆ?"

ಅಪ್ಪನ ಕೈ ತಟ್ಟೆಯ ಮೇಲೇ ನಿಂತಿತು. "ನಿನಗವ್ವ."

"ಹಂಗಾದ್ರೆ ಅದನ್ನ ಬಿಡೋ ವೀಳ್ಯ ನಾನು ಎತ್ತಬೇಕಲ್ಲ. ನೀನು ಹೆಂಗೆ ಎತ್ತೀಯ?"

ಮಹೇಶ ಮೊದಲ ಸಲ ಮೊಬೈಲಿನಿಂದ ತಲೆಯೆತ್ತಿದ. ದೊಡ್ಡಪ್ಪ ತಟ್ಟೆಯನ್ನು ನನ್ನ ಕಡೆ ತಿರುಗಿಸಿ, "ಎತ್ತು ಮತ್ತೆ, ಮಲ್ಲಿಕಾರ್ಜುನನ ಎದುರು" ಎಂದ. ನಾನೂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅಪ್ಪ ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡು ಪಂಚೆಗೆ ಒರೆಸಿಕೊಂಡರು.

ಮರಳುವಾಗ ಬಸ್ಸಿನಲ್ಲಿ ಗೌರಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ತಿರುಗದೆಯೇ, "ನಮ್ಮಪ್ಪ ಎತ್ತಿದ್ರು" ಎಂದರು. ನನಗೆ ಅರ್ಥವಾಗಲಿಲ್ಲ. "ನನ್ನ ಪಂಚಾಯ್ತಿಯಾಗೆ. ನಂಗಾಗ ನಿನಗಿಂತ ಸಣ್ಣ ವಯಸ್ಸು. ಒಳಗೆ ಕೂರಿಸಿದ್ರು, ಕೇಳಲೇ ಇಲ್ಲ. ನನ್ನ ಹೊಲಿಗೆ ಮಿಷನ್ನು, ಬಂಗಾರ, ಎಲ್ಲಾ ಅಲ್ಲೇ ಉಳೀತು. ಅಪ್ಪ ಬಾಯಿ ಕೆಂಪು ಮಾಡ್ಕೊಂಡು ಹೊರಗೆ ಬಂದ್ರು. ಆಮೇಲೇ ನಾನು ಕಾನೂನು ಓದಿದ್ದು." ಸೊಕ್ಕು ಎಂದು ಊರು ಕರೆಯುತ್ತಿದ್ದದ್ದು ಇದನ್ನು.

ಆಮೇಲೆ ಅವರು ನೋಟೀಸು ಕಳಿಸಿದರು. ಎಷ್ಟೋ ಎಳೆದಾಟದ ನಂತರ ಗಿರಣಿ ಟೆಂಪೋ ಏರಿ ಶಿಕಾರಿಪುರಕ್ಕೆ ಬಂತು. ಅದನ್ನು ಸಂತೆ ಬೀದಿಯ ಬಾಡಿಗೆ ಮಳಿಗೆಯಲ್ಲಿ ಕೂರಿಸಿದ ದಿನ ಗೌರಮ್ಮನೂ ಬಂದಿದ್ದರು. ಖಾರದ ಮಿಷನ್ನಿನ ಮುಂದೆ ಸೀನುತ್ತಲೇ ನಿಂತಿದ್ದರು. ನಾನು ಧೈರ್ಯ ಮಾಡಿ ಎಲೆಯಡಿಕೆ ತಟ್ಟೆ ಹಿಡಿದೆ. ಅವರ ಕೈ ಹಿಂದಕ್ಕೆ ಹೋಯಿತು.

"ಇದು ನನ್ನ ತಟ್ಟೆ ಅಕ್ಕಾ" ಎಂದೆ.

ಅವರು ನಕ್ಕರು. "ಜೀವನಾಂಶದ ಅರ್ಜಿ ಇನ್ನೂ ಕೋರ್ಟಿನಾಗೆ ಐತಲ್ಲ. ಆದೇಶ ಬಂದ ದಿನ ತಗೊಂಡು ಬಾ. ತಿಂತೀನಿ."

ಆದೇಶ ಬರುವ ಮೊದಲೇ ಅವರು ಹೋದರು. ಪಿತ್ತಕೋಶದಲ್ಲಿ ಏನೋ ಎಂದರು, ಶಿವಮೊಗ್ಗದ ಆಸ್ಪತ್ರೆ ಸೇರಿದ ಅವರು ಮರಳಲಿಲ್ಲ. ಅರ್ಜಿಯನ್ನು ಬೇರೆ ವಕೀಲರು ನಡೆಸಿದರು. ವಿಚ್ಛೇದನವೂ ಆಯಿತು, ಜೀವನಾಂಶವೂ ಆಯಿತು. ಕೇಳಿದಷ್ಟಲ್ಲ, ಮಳಿಗೆಯ ಬಾಡಿಗೆ ಕಟ್ಟಿ ಸ್ವಲ್ಪ ಉಳಿಯುವಷ್ಟು.

ಆದೇಶ ಬಂದ ದಿನ ಸಂಜೆ ತಟ್ಟೆ ಹಿಡಿದು ಗೌರಮ್ಮನ ಮನೆಗೆ ಹೋದೆ. ಬಾಗಿಲು ತೆರೆದದ್ದು ಅವರ ತಂಗಿ. "ಅಕ್ಕ ಇದನ್ನ ಮುಟ್ಟತಿರಲಿಲ್ಲವ್ವಾ" ಎಂದರು, ಬೇಸರದಿಂದಲ್ಲ, ನನಗೆ ಗೊತ್ತಿಲ್ಲವೇನೋ ಎಂದು.

"ಇವತ್ತು ತಿಂತೀನಿ ಅಂದಿದ್ರು" ಎಂದೆ.

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಗೋಡೆಯ ಮೇಲೆ ಕರಿ ಕೋಟು ತೂಗುತ್ತಿತ್ತು. ಅದರ ಕೆಳಗೆ ಕೂತು ಎರಡು ಎಲೆಗೆ ಸುಣ್ಣ ಸವರಿದೆ, ಅಡಿಕೆ ಇಟ್ಟು ಮಡಿಸಿದೆ. ಒಂದನ್ನು ಅವರ ಫೋಟೋದ ಮುಂದಿಟ್ಟು ಇನ್ನೊಂದನ್ನು ಬಾಯಿಗೆ ಹಾಕಿಕೊಂಡೆ. ಅಗಿಯಲು ಆಗಲಿಲ್ಲ. 'ಅಳೋದು ಆಮೇಲೆ' ಎಂದು ಅವರು ಮೊದಲ ದಿನ ನಿಲ್ಲಿಸಿದ್ದ ಅಳು ಈಗ ಬಂತು. ನನ್ನದೆಲ್ಲ ನನ್ನ ಕೈಯಲ್ಲಿತ್ತು, ಇನ್ನು ಅಳಬಹುದಿತ್ತು.