ಪಂಪಣ್ಣನ ತಾಮ್ರದ ಚೂರು

ಪಂಪಣ್ಣನ ಕೈಗೆ ಟಿವಿ ರಿಮೋಟು ಕೊಟ್ಟರೆ ಮನೆಯ ಗುಟ್ಟನ್ನೇ ಕೊಟ್ಟಂತೆ. ಯಾವ ಗುಂಡಿ ಸವೆದಿದೆ ಎಂದು ನೋಡಿ, ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರಿಗೆ ಹೊತ್ತು ಹೋಗುವುದಿಲ್ಲ ಎಂದು ಹೇಳಿಬಿಡುತ್ತಿದ್ದ.

ಚಿತ್ತವಾಡ್ಗಿಯಲ್ಲಿ ಅವನ ಅಂಗಡಿ ಎಂದರೆ ಒಂದು ಮೇಜು, ಎರಡು ಸ್ಟೂಲು, ಒಂದು ಹಳೆಯ ಲ್ಯಾಂಡ್‌ಲೈನ್ ಫೋನು. ನಾನು ಒಂಟಿಯಾಗಿರುವ ಟೀಚರು. ನನ್ನ ರಿಮೋಟು ಕೆಟ್ಟಾಗ ಯಾರದೋ ಮಾತು ಕೇಳಿ ಗುಂಡಿಯ ಹಿಂದೆ ಚಾಕಲೇಟಿನ ಬೆಳ್ಳಿ ಕಾಗದ ಅಂಟಿಸಿಕೊಂಡು ಹೋಗಿದ್ದೆ. ಅವನು ಅದನ್ನು ಕಿತ್ತೆಸೆದ.

“ಇದರ ಮ್ಯಾಲ ಪ್ಲಾಸ್ಟಿಕ್ ಇರ್ತೈತ್ರಿ ಟೀಚರ್. ಕರೆಂಟ್ ಹೆಂಗ ದಾಟಬೇಕು?”

ಆಮೇಲೆ ತಾಮ್ರದ ಟೇಪಿನಿಂದ ಉದ್ದಿನಬೇಳೆಯಷ್ಟು ಚೂರು ಕತ್ತರಿಸಿ, ರಬ್ಬರ್ ಗುಂಡಿಯ ಬೆನ್ನಿಗೆ ಅಂಟಿಸಿ, ಹೆಬ್ಬೆರಳ ಉಗುರಿನಿಂದ ಉಜ್ಜಿದ. ಗುಂಡಿ ಒತ್ತಿದಾಗ ಒಳಗಿನ ಎರಡು ಗೆರೆಗಳನ್ನು ಆ ಚೂರು ಕೂಡಿಸಬೇಕು, ಅಷ್ಟೇ ಅದರ ಕೆಲಸ. ಉಜ್ಜುತ್ತಲೇ ಕೇಳಿದ:

“ಸೌಂಡ್ ಏರಿಸೋದು ಸವದು ಹೋಗೈತಿ, ಇಳಿಸೋದು ಹೊಸಾದಿದ್ದಂಗ ಐತಿ. ಕಮ್ಮಿ ಮಾಡ್ರಿ ಅನ್ನೋರು ಮನ್ಯಾಗ ಯಾರೂ ಇಲ್ಲೇನ್ರಿ?”

ನನಗೆ ಸಿಟ್ಟು ಬಂತು. ಮನೆಗೆ ಬಂದು ಅತ್ತುಬಿಟ್ಟೆ. ಆದರೂ ಮರುವಾರ, ಕೆಡದ ರಿಮೋಟನ್ನೇ ಹಿಡಿದುಕೊಂಡು ಮತ್ತೆ ಹೋದೆ. ಇಬ್ಬರಿಗೂ ಮಾತಿಗೆ ಜನ ಬೇಕಿತ್ತು.

ಅವನ ತಮ್ಮ ವಿರುಪಾಕ್ಷಿ ಅದೇ ಮೇಜಿನಲ್ಲಿ ಕೆಲಸ ಕಲಿತವನು. “ರಿಮೋಟಿನ ಕಾಲ ಮುಗೀತಣ್ಣ” ಎಂದು ಹೇಳಿ ವಡ್ಡು ಎಂಬ ಊರಿನ ಹತ್ತಿರ ಕಾರ್ಖಾನೆ ಸೇರಿದ್ದ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಪಂಪಣ್ಣ ದಿನಾ ಫೋನಿನಲ್ಲಿ ಕೊನೆಯ ನಂಬರನ್ನೇ ಮತ್ತೆ ಹಚ್ಚುವ ರೀಡಯಲ್ ಗುಂಡಿ ಒತ್ತಿ ತಮ್ಮನಿಗೆ ಹಚ್ಚುತ್ತಿದ್ದ. ಆ ಕಡೆ ರಿಂಗಾಗುವ ಮೊದಲೇ ಇಟ್ಟುಬಿಡುತ್ತಿದ್ದ.

“ಮಾತಾಡಬಾರ್ದೇನು ಪಂಪಣ್ಣ?”

“ಸಣ್ಣಾವ ಅವನು. ಮೊದಲು ಅವನೇ ಮಾಡ್ಲಿ ಬಿಡ್ರಿ.”

ಆ ಒಂದು ಗುಂಡಿಗೆ ಅವನು ಎರಡು ಸಲ ತಾಮ್ರ ಹಚ್ಚಿದ್ದನ್ನು ನಾನೇ ಕಂಡಿದ್ದೇನೆ.

ಈ ಬೇಸಿಗೆಯಲ್ಲಿ ಪಂಪಣ್ಣ ಹೋದ. ಎದೆನೋವು ಎಂದವನು ಆಸ್ಪತ್ರೆ ಮುಟ್ಟಲಿಲ್ಲ. ಅಂಗಡಿ ಖಾಲಿ ಮಾಡಲು ಬಂದ ವಿರುಪಾಕ್ಷಿ ಅಣ್ಣನ ಸ್ಟೂಲಿನ ಮೇಲೆ ಕೂತು ಹೇಳಿದ:

“ನಾಕು ವರ್ಷ ಆತ್ರಿ ಟೀಚರ್. ನಮ್ಮಣ್ಣಗ ಒಂದ್ ಸಲನೂ ನನ್ನ ನೆನಪಾಗ್ಲಿಲ್ಲ ನೋಡ್ರಿ.”

ಫೋನನ್ನು ಅವನ ಮುಂದೆ ಸರಿಸಿದೆ. ಅಂಕಿಯ ಗುಂಡಿಗಳೆಲ್ಲ ಹೊಸವುಗಳಂತಿದ್ದವು. ರೀಡಯಲ್ ಗುಂಡಿಯ ಮೇಲಿನ ಅಕ್ಷರ ಪೂರಾ ಅಳಿಸಿಹೋಗಿತ್ತು. ಕೆಲಸ ಕಲಿತವನು, ಆ ಗುಂಡಿಯನ್ನೇ ನೋಡುತ್ತ ಕೂತ. ನಾನು ರಿಸೀವರ್ ಎತ್ತಿ ಆ ಗುಂಡಿ ಒತ್ತಿದೆ.

ಅವನ ಜೇಬಿನಲ್ಲಿ ಮೊಬೈಲ್ ರಿಂಗಾಯಿತು. ತೆಗೆದು ನೋಡಿದ. ‘ಅಣ್ಣ’ ಎಂದು ಬಂದಿತ್ತು. ಅವನು ಎತ್ತಲಿಲ್ಲ, ನಾನು ಇಡಲಿಲ್ಲ.